ಔಡಲೆಣ್ಣೆ ಸವರಿದ ಎಲೆ

ಆ ಕೂಸಿನ ಹೊಟ್ಟೆ ಸುಟ್ಟವಳು ನಾನು. ರಶೀದಾ ಅಲ್ಲ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾದವು — ನಾಚಿಕೆಗೇಡು, ಆದರೂ ಬೇಕಾದವು.

ಜಹೀರಾಬಾದಿನ ಒಂದು ಬಾಡಿಗೆ ಮನೆಯಲ್ಲಿ ನಾನು ಹೆಂಗಸರಿಗೆ ಕೂಸುಗಳನ್ನು ನೋಡಿಕೊಳ್ಳುವ ಕೆಲಸ ಕಲಿಸುತ್ತಿದ್ದೆ. ಬರ್ಮಾದಿಂದ ಜೀವ ಉಳಿಸಿಕೊಂಡು ಓಡಿಬಂದವರು ಅವರು; ಊರಾಚೆ ತಾಡಪತ್ರಿ ಗುಡಿಸಲಲ್ಲಿದ್ದು ಗುಜರಿ ಆಯುತ್ತಿದ್ದರು. ರಶೀದಾ ಅವರಲ್ಲೊಬ್ಬಳು. ಗಂಡ ದಾರಿಯಲ್ಲೇ ಸತ್ತಿದ್ದ. ಜೊತೆಗೆ ನೂರಿ ಎಂಬ ಮಗಳು. ತಾಂಡೂರಿನಲ್ಲಿ, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳ ಹತ್ತಿರ, ಕೂಲಿ ತಾಯಂದಿರ ಮಕ್ಕಳಿಗಾಗಿ ಒಂದು ಕೇಂದ್ರವಿತ್ತು. ಅಲ್ಲಿ ನನ್ನ ಕೈಕೆಳಗೆ ಕೆಲವು ವಾರ ಕೆಲಸ ಕಲಿತು ಪಾಸಾದರೆ ಕೆಲಸವೂ ಖಾಯಂ, ಹಿಂದಿನ ಕೋಣೆಯಲ್ಲಿ ವಾಸವೂ ಖಾಯಂ. ಕಲಿಯಲು ಬಂದ ರಶೀದಾ ಮಗಳೊಂದಿಗೆ ಆಗಲೇ ಆ ಕೋಣೆಯಲ್ಲಿದ್ದಳು: ಗಟ್ಟಿ ಗೋಡೆ, ಚಿಲಕವಿದ್ದ ಬಾಗಿಲು. ನೂರಿ ಆ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ಆಡುತ್ತಿದ್ದಳು. ಅವಳು ಹುಟ್ಟಿದಾಗಿನಿಂದ ಒಳಗಿನಿಂದ ಹಾಕಿಕೊಳ್ಳುವ ಬಾಗಿಲನ್ನೇ ನೋಡಿರಲಿಲ್ಲ.

ನನ್ನ ಪಾಠದ ಮೊದಲ ಮಾತೇ ಇದು: ಮನೆಮದ್ದು ಕೂಸಿನ ಹತ್ತಿರ ಸುಳಿಯಬಾರದು. ಎಷ್ಟು ಜೋರಾಗಿ ಹೇಳುತ್ತಿದ್ದೆ! ಹೇಳುವುದು ಶಾಸ್ತ್ರ, ಹಾಕುವುದು ಗಾಳ — ನನಗೆ ಹೇಳಿ ಮಾಡಿಸಿದ ಗಾದೆ.

ಆ ಮಧ್ಯಾಹ್ನ ಕೇಂದ್ರದಲ್ಲಿ, ಕಲ್ಲು ಕಾರ್ಖಾನೆಯ ಕೂಲಿ ರೇಖಾಳ ಕೂಸು ಪಲ್ಲವಿ ಒಂದೇ ಸಮನೆ ಅಳುತ್ತಿತ್ತು. ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. "ಆಪಾ, ಇದರ ಅಮ್ಮನ್ನ ಕರೆಯಲಾ?" ಎಂದು ರಶೀದಾ ತನಗೆ ಬರುವ ಉರ್ದುವಿನಲ್ಲಿ ಕೇಳಿದಳು. ನನಗೆ ರೇಗಿತು. ಕಲಿಸುವವಳು ನಾನೋ ಅವಳೋ? ಬಿಸಿನೀರು ತಾ ಎಂದು ಹೊರಗೆ ಕಳಿಸಿದೆ. ಆಮೇಲೆ — ನಾರಾಯಣಖೇಡಿನ ನಮ್ಮ ಮನೆಯಲ್ಲಿ ಅಜ್ಜಿ ಮಾಡುತ್ತಿದ್ದಂತೆ — ವೀಳ್ಯದೆಲೆಗೆ ಔಡಲೆಣ್ಣೆ ಸವರಿ, ದೀಪದ ಮೇಲೆ ಹಿಡಿದು, ಕೂಸಿನ ಹೊಟ್ಟೆಯ ಮೇಲೆ ಇಟ್ಟೆ. ಅಜ್ಜಿ ಮೊದಲು ಎಲೆಯನ್ನು ತನ್ನ ಕೆನ್ನೆಗೆ ಮುಟ್ಟಿಸಿ ನೋಡುತ್ತಿದ್ದಳು. ನಾನು ನೋಡಲಿಲ್ಲ. ಯಾಕೆ ನೋಡಲಿಲ್ಲ — ಎಷ್ಟು ಸಲ ಕೇಳಿಕೊಂಡಿದ್ದೇನೆ. ಅವಸರ. ಸೊಕ್ಕು. ಅಷ್ಟೇ.

ಕೂಸು ಚೀರಿದ್ದು ಇವತ್ತಿಗೂ ಕಿವಿಯಲ್ಲಿದೆ. ಎಲೆ ಎತ್ತಿದರೆ ಎಲೆಯೊಂದೇ ಬರಲಿಲ್ಲ, ಚರ್ಮವೂ ಬಂತು. ರಶೀದಾ ಓಡಿಬಂದು ಕೂಸನ್ನು ಕಸಿದುಕೊಂಡು ನಲ್ಲಿಯ ಕೆಳಗೆ ಹಿಡಿದಳು. ನಾನು ಎಲೆ ಹಿಡಿದುಕೊಂಡು ನಿಂತೇ ಇದ್ದೆ. ಕಾಲಸಪ್ಪಳ ಕೇಳಿ ಅದನ್ನು ನೆಲಕ್ಕೆ ಬಿಟ್ಟೆ. ಬಶೀರಾಬಾದ್ ಕಡೆಯ ಆ ರೇಖಾ, ಮೈತುಂಬ ಕಲ್ಲಿನ ಪುಡಿ, ಬಾಗಿಲಲ್ಲಿ ಬಂದು ನಿಂತಳು; ಹಿಂದೆಯೇ ಉಳಿದ ಕೂಲಿ ಹೆಂಗಸರು. ಕೂಸು ರಶೀದಾಳ ಕೈಯಲ್ಲಿತ್ತು.

"ಯವ್ವಾ, ನನ್ನ ಕೂಸಿಗಿ ಏನ್ ಮಾಡೀರಿ? ಯಾರ್ರಿ ಈ ಎಲಿ ಇಟ್ಟಾರ?"

ನಾನು ಕನ್ನಡದಲ್ಲಿ ಹೇಳಿದೆ: "ಇವರ ಕಡಿ ಹಂಗ ಮಾಡ್ತಾರ, ರೇಖಾ."

ರಶೀದಾಳ ಹೆಸರು ಎತ್ತಲಿಲ್ಲ, ನೋಡಿ. ಎಂಥ ಜಾಣೆ ನಾನು! ಅವಳಿಗೆ ಕನ್ನಡ ಬಾರದು. ನಾನು ಆ ತಾಯಿಗೆ ಸಮಾಧಾನ ಹೇಳುತ್ತಿದ್ದೇನೆಂದು ತಿಳಿದಳೋ ಏನೋ — ಕೂಸನ್ನು ಎದೆಗೆ ಒತ್ತಿಕೊಂಡು, ಕಣ್ಣೀರು ಸುರಿಸುತ್ತ, ಹೌದು ಹೌದು ಎಂಬಂತೆ ತಲೆಯಾಡಿಸಿದಳು. ನೆರೆದವರಿಗೆ ಅಷ್ಟು ಸಾಕಾಯಿತು.

ಅಲ್ಲಿದ್ದ ಹೆಂಗಸರೆಲ್ಲ ಇದೇ ಸೀಮೆಯವರು. ಒಬ್ಬೊಬ್ಬರ ಮನೆಯಲ್ಲೂ ಬಾಣಂತಿ ಕೋಣೆಯಲ್ಲಿ ಆ ಎಲೆ, ಆ ಎಣ್ಣೆ ಇರುತ್ತದೆ. ಒಬ್ಬರಾದರೂ ಬಾಯಿ ಬಿಡುತ್ತಾರೆಂದು ನಾನು ಕಾದೆ. ಯಾರೂ ಬಿಡಲಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ, ಹಾಗಾಯಿತು.

ಮರುದಿನವೇ ರಶೀದಾಳನ್ನು ಕೆಲಸದಿಂದ ತೆಗೆದರು. ಅವಳೊಂದಿಗೆ ಕಲಿಯುತ್ತಿದ್ದ ಉಳಿದ ಬರ್ಮಾದ ಹೆಂಗಸರನ್ನೂ ಆ ಕೇಂದ್ರ ಮತ್ತೆ ಸೇರಿಸಲಿಲ್ಲ. ಹಿಂದಿನ ಕೋಣೆಯಿಂದ ಹಾಸಿಗೆ ಸುತ್ತಿಕೊಂಡು ಹೊರಬಂದ ರಶೀದಾ ನನ್ನ ಮುಂದೆ ನಿಂತು, "ಆಪಾ, ಮೈ ಕ್ಯಾ ಕರೀ?" ಎಂದಳು. ನಾನೇನು ಮಾಡಿದೆ ಅಕ್ಕಾ — ಅಷ್ಟೇ ಕೇಳಿದ್ದು. ನಾನು ಮಾತಾಡುತ್ತೇನೆ, ನೀನು ಹೋಗು ಎಂದೆ. ಮಾತಾಡಲಿಲ್ಲ. ನೂರಿ ಆ ಚಿಲಕ ಬಿಟ್ಟು ಬರಲು ಒಲ್ಲೆ ಎಂದು ಅತ್ತಳು; ರಶೀದಾ ಅವಳ ಬೆರಳು ಒಂದೊಂದಾಗಿ ಬಿಡಿಸಿದಳು.

ಮತ್ತೆ ಗುಜರಿಗೇ ಹೋದಳೆಂದು ಕೇಳಿದೆ. ಆಮೇಲೆ ಆ ಗುಡಿಸಲುಗಳನ್ನೇ ತೆರವು ಮಾಡಿಸಿದರು. ತಾಯಿ ಮಗಳು ಎಲ್ಲಿಗೆ ಹೋದರೋ ಯಾರಿಗೂ ತಿಳಿಯದು. ನಾನು ಹುಡುಕಿದ್ದೇನೆ — ತಡವಾಗಿ, ಎಲ್ಲ ಮುಗಿದ ಮೇಲೆ.

ಮೊನ್ನೆ ತಾಂಡೂರಿನ ಬಸ್ ನಿಲ್ದಾಣದಲ್ಲಿ ರೇಖಾ ಸಿಕ್ಕಳು. ಪಕ್ಕದಲ್ಲಿ ಪಲ್ಲವಿ, ಶಾಲೆಯ ಬಟ್ಟೆಯಲ್ಲಿ. ಇನ್ನು ತಡೆಯಲಾಗಲಿಲ್ಲ. ಎಲೆ ಇಟ್ಟವಳು ನಾನು ರೇಖಾ, ಎಂದುಬಿಟ್ಟೆ. ಉಗುಳಲಿ, ಹೊಡೆಯಲಿ ಎಂದೇ ನಿಂತಿದ್ದೆ. ಅವಳು ಮಗಳನ್ನು ನೀರು ತರಲು ಕಳಿಸಿ, ಸೆರಗು ಸರಿಮಾಡಿಕೊಂಡಳು.

"ನಂಗ ಅವತ್ತೇ ಗೊತ್ತಿತ್ರಿ ಮೇಡಂ. ಆ ಎಲಿ ನಮ್ಮವ್ವನೂ ಇಡ್ತಿದ್ಲು. ಬರ್ಮಾದಾಕಿಗಿ ಔಡಲೆಣ್ಣಿ ಎಲ್ಲಿಂದ ಗೊತ್ರಿ? ಆದ್ರ ನಾಳಿ ಕೂಸಿನ್ನ ಮತ್ತ ನಿಮ್ಮ ಕೈಯಾಗೇ ಬಿಟ್ಟು ಕೆಲಸಕ್ಕ ಹೋಗಬೇಕಿತ್ತಲ್ರಿ. ನೀವು ಇರೋರು. ಆಕಿ ಹೋಗಾಕಿ."

ಬಸ್ಸು ಬಂತು, ಅವರು ಹತ್ತಿದರು. ರೇಖಾಳ ಬಾಯಿಗೆ ಬೀಗ ಹಾಕಿದವಳೂ ನಾನೇ ಎಂದು ಅಲ್ಲಿ ನಿಂತಾಗ ಗೊತ್ತಾಯಿತು.

ಇದನ್ನು ಬರೆದು ಹಗುರಾದೆ ಎಂದುಕೊಂಡರೆ ಅದೂ ಒಂದು ಕಳ್ಳಾಟ. ಅವತ್ತು ರಶೀದಾಳಿಗೆ ತಿಳಿಯದ ಭಾಷೆಯಲ್ಲಿ ಸುಳ್ಳು ಹೇಳಿದೆ. ಇವತ್ತು ನಿಜವನ್ನೂ ಅದೇ ಭಾಷೆಯಲ್ಲಿ ಬರೆಯುತ್ತಿದ್ದೇನೆ. ನಾಳೆ ಜಹೀರಾಬಾದಿಗೆ ಹೋಗುತ್ತೇನೆ. ನಾನು ಕಲಿಸಿದ ಹೆಂಗಸರಲ್ಲಿ ಇನ್ನೂ ಅಲ್ಲೇ ಉಳಿದವರು ಒಂದಿಬ್ಬರಿದ್ದಾರಂತೆ. ಅವರ ಮುಂದೆ ಕುಳಿತು, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುತ್ತೇನೆ. ಕೇಳಬೇಕಾದವಳು ಅಲ್ಲಿರುವುದಿಲ್ಲ.