ಒಳಗೆ ಕೊಳೆತಿದ್ದ ತೇಗ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಅರಣ್ಯಶಾಸ್ತ್ರ ಓದುತ್ತಿದ್ದ ನಾನು ತೇಗದ ಮರಗಳ ಬೆಳವಣಿಗೆ ಅಳೆಯಲು ಅಂಬಾಜಿದುರ್ಗದ ತಪ್ಪಲಿನ ನೆಡುತೋಪಿಗೆ ಹೋಗುತ್ತಿದ್ದೆ. ಒಬ್ಬಳನ್ನೇ ಕಳಿಸಲು ಮನೆಯವರು ಒಪ್ಪಲಿಲ್ಲ. ಹಾಗಾಗಿ ಅಕ್ಕ ಶಿಡ್ಲಘಟ್ಟದಿಂದ ಬಂದು ಜೊತೆಯಾಗುತ್ತಿದ್ದಳು. ಕೊಳವೆಯಂಥ ಬೈರಿಗೆಯನ್ನು ಕಾಂಡದೊಳಕ್ಕೆ ತಿರುಗಿಸಿದರೆ ಪೆನ್ಸಿಲ್‌ಗಿಂತ ತೆಳ್ಳಗಿನ ಮರದ ಕಡ್ಡಿ ಸಿಗುತ್ತದೆ. ಅದರ ಮೇಲಿನ ಗೆರೆಗಳೇ ಮರದ ವರ್ಷಗಳು.

ಒಂದು ದಿನ ಒಂದು ಮರದೊಳಗೆ ಬೈರಿಗೆ ಇದ್ದಕ್ಕಿದ್ದಂತೆ ಸಡಿಲವಾಯಿತು. ಒಳಗೆ ಮರ ಕೊಳೆತಿತ್ತು. ಹಿಂದಕ್ಕೆ ತಿರುಗಿಸಿದರೆ ಹಿಡಿತವಿಲ್ಲದೆ ಅಲ್ಲೇ ಸುತ್ತುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಇದ್ದದ್ದು ಅದೊಂದೇ ಬೈರಿಗೆ.

"ಮರ ಕುಯ್ಯೋದೇ ಮೇಡಂ, ಬೇರೆ ದಾರಿ ಇಲ್ಲ," ಎಂದ ತೋಪಿನ ಕಾವಲುಗಾರ.

"ಅಳೆಯೋಕೆ ಬಂದು ಮರಾನೇ ಕೆಡವಲ್ಲ," ಎಂದೆ.

ಅಕ್ಕನ ದುಪಟ್ಟಾವನ್ನು ಬೈರಿಗೆಯ ಹಿಡಿಗೆ ಬಿಗಿದು ಕಟ್ಟಿದೆ. ಅವಳು ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ಎಳೆದಳು.

"ಜೋರಾಗಿ ಎಳಿಯಕ್ಕ!"

"ಎಳೀತಿದ್ದೀನಿ ಕಣೇ, ನೀನು ತಿರುಗ್ಸು!"

ಸ್ವಲ್ಪ ಹೊತ್ತು ನೋಡಿ ಕಾವಲುಗಾರನೂ ಬಂದು ದುಪಟ್ಟಾ ಹಿಡಿದ. ಅಂಗೈಯ ಬೊಬ್ಬೆ ಒಡೆದರೂ ನಾನು ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ತುದಿಯ ತಿರುಪು ಗಟ್ಟಿ ಮರವನ್ನು ಕಚ್ಚಿತು, ಬೈರಿಗೆ ಇಷ್ಟಿಷ್ಟೇ ಹೊರಬಂತು. ಅದರೊಳಗೆ ಇದ್ದದ್ದು ಕಂದು ಪುಡಿ ಮಾತ್ರ.

"ಮನೆಗೆ ಹೋಗಣ?" ಎಂದಳು ಅಕ್ಕ, ನೆಲದ ಮೇಲೆ ಕೂತು ಹರಿದ ದುಪಟ್ಟಾ ನೋಡುತ್ತ.

"ಇನ್ನೊಂದು ಮರ ಮುಗಿಸ್ಕೊಂಡು ಹೋಗಣ."

ಅವಳು ಬೈದುಕೊಂಡೇ ಎದ್ದಳು. ಪಕ್ಕದ ಮರದಿಂದ ಕಡ್ಡಿ ಇಡಿಯಾಗಿ ಬಂತು. ನಾನು ಕೈ ಚಾಚುವ ಮೊದಲೇ ಅಕ್ಕ ಅದನ್ನು ಬಿಸಿಲಿಗೆ ಹಿಡಿದು ಗೆರೆಗಳನ್ನು ಎಣಿಸತೊಡಗಿದಳು.