ಹೊಂಗೆ ಮರದಡಿಯ ಚೌರಪ್ಪ

ನಮ್ಮಕ್ಕ ಆರೋಗ್ಯಮ್ಮನ ಗಂಡ ಚೌರಪ್ಪನಿಗೆ ಅನುಮಾನಪಡುವುದೇ ಉದ್ಯೋಗ. ತಮಾಷೆಗೆ ಹೇಳುತ್ತಿಲ್ಲ. ವಳ್ಳೂರಿನ ಕಡೆ ಸೋಲಾರ್ ಪಾರ್ಕಿನ ಒಂದು ಗೇಟಿನಲ್ಲಿ ಅವನು ಸೆಕ್ಯೂರಿಟಿ. ಪ್ಯಾನೆಲ್ ತೊಳೆಯಲು ಬಂದ ಟ್ಯಾಂಕರಿನಲ್ಲಿ ಇರುವುದು ನೀರೇ ಹೌದೋ ಅಲ್ಲವೋ ಎಂದು ಮುಚ್ಚಳ ತೆಗೆಸಿ ನೋಡುತ್ತಾನೆ. ಬೀಗ ಹಾಕಿ, ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದು ಜಗ್ಗುತ್ತಾನೆ. ಮನೆಯಲ್ಲೂ ಅದೇ ಬುದ್ಧಿ. ನಾನು ಕೊರಟಗೆರೆಯಿಂದ ಮಾವಿನಹಣ್ಣು ತೆಗೆದುಕೊಂಡು ಹೋದರೆ, "ಏನ್ಲಾ, ಏನು ವಿಷ್ಯ?" ಎನ್ನುತ್ತಾನೆ. ಬರಿಗೈಯಲ್ಲಿ ಹೋದರೂ ಅದೇ ಪ್ರಶ್ನೆ.

ಇಂಥ ಮನುಷ್ಯ ದೇವರನ್ನು ಹೇಗೆ ನಂಬುತ್ತಾನೆ ಎಂದು ನೀವು ಕೇಳಬಹುದು. ನಂಬುತ್ತಿದ್ದ. ದೇವರ ಮೇಲೆ ಅವನಿಗೆ ಅನುಮಾನ ಇರಲಿಲ್ಲ, ಇದ್ದದ್ದು ಪೂಜಾರಿಯ ಮೇಲೆ.

ನಮ್ಮದು ತಾತನ ಕಾಲದಿಂದ ಬಂದ ಕಥೋಲಿಕ ಮನೆತನ. ಭಾವನ ಊರಿನಲ್ಲೂ ಬೆರಳೆಣಿಕೆಯಷ್ಟು ಕಥೋಲಿಕ ಮನೆಗಳಿವೆ, ಒಂದು ಪುಟ್ಟ ಚರ್ಚಿದೆ, ಅದರ ಮುಂದೊಂದು ಹೊಂಗೆ ಮರವಿದೆ. ಭಾನುವಾರದ ಪೂಜೆಗೆ ಎಲ್ಲರೂ ಒಳಗಿದ್ದರೆ ಚೌರಪ್ಪ ಮಾತ್ರ ಆ ಮರದ ಕೆಳಗೆ ಕೈಕಟ್ಟಿ ನಿಂತಿರುತ್ತಿದ್ದ. ಗುರುಗಳು ಪರಮಪ್ರಸಾದದ ರೊಟ್ಟಿ ಕೊಡುವ ಹೊತ್ತಿಗೆ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ವರ್ಷಗಳಿಂದ ಹೀಗೇ. ನಂಬಿಕೆಯೇ ಹೋಗಿದ್ದರೆ ನೆಮ್ಮದಿಯಾಗಿ ಮನೆಯಲ್ಲಿ ಮಲಗಿರುತ್ತಿದ್ದ. ಗೇಟಿನ ಹತ್ತಿರ ನಿಂತಾಗಲೂ ಅವನ ಒಂದು ಕೈ ಜೇಬಿನಲ್ಲಿ ಜಪಸರ ತಿರುಗಿಸುತ್ತಿತ್ತು. ಬೀಡಿ ಮುಚ್ಚಿಡುತ್ತಾನೆ ಎಂದು ಸೂಪರ್‌ವೈಸರ್ ಅವನ ಜೇಬು ತಡವಿದ್ದೂ ಉಂಟು. ಅನುಮಾನದವನಿಗೆ ಅನುಮಾನದವನೇ ಗಂಟುಬಿದ್ದಿದ್ದ!

ಅವನು ಹೊರಗೆ ನಿಂತದ್ದಕ್ಕೆ ಕಾರಣವಿತ್ತು. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ತಪಸ್ಸುಕಾಲದಲ್ಲಿ ನಾವು ಪಾಪನಿವೇದನೆ ಮಾಡಿಕೊಳ್ಳುತ್ತೇವೆ. ಮಾಡಿದ ತಪ್ಪನ್ನು ಗುರುಗಳ ಕಿವಿಯಲ್ಲಿ ಹೇಳಿ ಕ್ಷಮೆ ಕೇಳುವುದು. ಆ ಮಾತು ಅವರ ಕಿವಿಯಲ್ಲೇ ಸಾಯಬೇಕು, ಕತ್ತಿಗೆ ಕತ್ತು ಕೊಟ್ಟರೂ ಆಚೆ ಬರಬಾರದು. ಫಾದರ್ ಇನ್ನಾಸಪ್ಪ ಆ ಊರಿನ ಗುರುಗಳಾಗಿದ್ದ ಕಾಲದಲ್ಲಿ ಚೌರಪ್ಪ ಮಂಡಿಯೂರಿ ಒಂದು ಪಾಪ ಹೇಳಿಕೊಂಡಿದ್ದ. ತನ್ನ ಹೊಲಕ್ಕೂ ಅಣ್ಣ ರಾಯಪ್ಪನ ಹೊಲಕ್ಕೂ ನಡುವಿನ ಬದುವನ್ನು ಪ್ರತಿ ಸಲ ಉಳುವಾಗಲೂ ಇಷ್ಟಿಷ್ಟೇ ಕೆರೆದು ತನ್ನ ಕಡೆಗೆ ಸೇರಿಸಿಕೊಳ್ಳುತ್ತಿದ್ದ. ಇದನ್ನೆಲ್ಲ ಅವನೇ ನನಗೆ ಆಮೇಲೆ ಹೇಳಿದ್ದು.

ಮುಂದಿನ ಭಾನುವಾರ ಪೂಜೆಯ ನಡುವೆ ಉಪದೇಶ ಹೇಳುವ ಪ್ರಸಂಗದಲ್ಲಿ ಫಾದರ್ ಇನ್ನಾಸಪ್ಪ, "ಇಲ್ಲಿ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಕೂತು ಹಾಡುತ್ತೀರಿ. ಹೊಲಕ್ಕೆ ಹೋದರೆ ಬದು ತಿನ್ನುತ್ತೀರಿ" ಎಂದುಬಿಟ್ಟರು. ತಾನು ಹೇಳಿಕೊಂಡ ಪಾಪವೇ ಅದು ಎಂದುಕೊಂಡ ಚೌರಪ್ಪ. ಪಕ್ಕಕ್ಕೆ ತಿರುಗಿ ನೋಡಿದರೆ ಅಣ್ಣ ರಾಯಪ್ಪ ತಲೆ ತಗ್ಗಿಸಿದ್ದಾನೆ. ಹಿಂದೆ ಮುಂದೆ ಕೂತಿದ್ದ ಗಂಡಸರೆಲ್ಲ ತಲೆ ತಗ್ಗಿಸಿದ್ದಾರೆ. ಎಲ್ಲರಿಗೂ ವಿಷಯ ಗೊತ್ತಾಗಿದೆ, ತನ್ನ ಮುಖ ನೋಡಲು ನಾಚಿ ತಲೆ ತಗ್ಗಿಸಿದ್ದಾರೆ ಎಂದು ಭಾವ ತೀರ್ಮಾನಿಸಿದ.

ಪೂಜೆ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ಗುರುಗಳನ್ನು ಅಡ್ಡಗಟ್ಟಿದ. "ನಿಮ್ಮ ಕಿವೀಲಿ ಹೇಳಿದ್ದನ್ನ ಮೈಕಿನಾಗೆ ಹೇಳ್ಬುಟ್ರಲ್ಲಾ ಸ್ವಾಮಿ? ಹೌದೋ ಅಲ್ವೋ, ಒಂದು ಮಾತು ಹೇಳ್ಬುಡಿ."

ಫಾದರ್ ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು. ಭಾವನ ಹೆಗಲ ಮೇಲೆ ಕೈಯಿಟ್ಟು, ಒಳಗೆ ಹೋದರು.

ಮೌನಂ ಸಮ್ಮತಿ ಲಕ್ಷಣಂ. ಭಾವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವತ್ತಿನಿಂದ ಪಾಪನಿವೇದನೆ ಬಿಟ್ಟ, ಅದಿಲ್ಲದೆ ಪರಮಪ್ರಸಾದ ತೆಗೆದುಕೊಳ್ಳಲು ಮನಸ್ಸು ಒಪ್ಪದೆ ಅದನ್ನೂ ಬಿಟ್ಟ. ಫಾದರ್ ಇನ್ನಾಸಪ್ಪನವರಿಗೆ ವರ್ಗವಾಯಿತು, ಬೇರೆಯವರು ಬಂದರು, ಅವರೂ ಹೋದರು. ಹೊಸಬರ ಹತ್ತಿರವಾದರೂ ಹೋಗು ಭಾವ ಎಂದರೆ, "ಬೀಗ ಬದಲಾಯ್ಸಿದ್ರೆ ಕಳ್ಳ ಬದಲಾಗ್ತಾನೇನ್ಲಾ?" ಎನ್ನುತ್ತಿದ್ದ.

ಹೋದ ವರ್ಷ ಅವನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದೆವು. ಆಗಿನಿಂದ ಅಕ್ಕನಿಗೆ ಒಂದೇ ಚಿಂತೆ. "ಇಂಗೇ ಹೋಗ್ಬುಟ್ರೆ ಏನ್ಲಾ ಗತಿ? ದೇವರ ಮನೆ ಬಾಗಿಲಾಗೆ ನಿಂತು ಒಳಕ್ಕೆ ಹೋಗದೇ ಹೋದಂಗೆ ಆಗ್ತದಲ್ಲ" ಎಂದು ನನ್ನ ಮುಂದೆ ಅಳುತ್ತಿದ್ದಳು. ಭಾವನಿಗೂ ಅದೇ ಭಯ. ಬಾಯಿ ಬಿಡುತ್ತಿರಲಿಲ್ಲ, ಅಷ್ಟೇ. ಅವನನ್ನು ಕಂಡರೆ ನನಗೆ ಕನಿಕರವೂ ಬರುತ್ತಿತ್ತು, ಕೆನ್ನೆಗೆ ಎರಡು ಬಿಗಿಯಬೇಕೆಂದೂ ಅನ್ನಿಸುತ್ತಿತ್ತು.

ಈ ವರ್ಷ ತಪಸ್ಸುಕಾಲ ಶುರುವಾದ ಹೊಸದರಲ್ಲಿ ಇನ್ನೊಂದು ಸೋಲಾರ್ ಕಂಪನಿಯವರು ಅವರ ಹೊಲಗಳನ್ನು ಗುತ್ತಿಗೆಗೆ ಕೇಳಿದರು. ಅಳತೆಗೆ ಸರ್ವೆಯವನು ಬಂದ. ನನ್ನನ್ನೂ ಭಾವ ಕರೆಸಿಕೊಂಡಿದ್ದ. ಸರ್ವೆಯವನು ಮೊದಲು ನಮ್ಮ ಹೊಲಕ್ಕೇ ಯಾಕೆ ಬಂದ, ಯಾರು ಅವನ ಕಿವಿ ಊದಿದರು ಎಂದು ದಾರಿಯುದ್ದಕ್ಕೂ ನನ್ನ ತಲೆ ತಿಂದ. ಒತ್ತಿಕೊಂಡ ಜಾಗ ಅಣ್ಣನ ಎದುರಿಗೇ ಬಯಲಾಗುತ್ತದೆ ಎಂದು ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಸರ್ವೆಯವನು ಯಂತ್ರ ನಿಲ್ಲಿಸಿ, ಆ ತುದಿ ಈ ತುದಿ ಓಡಾಡಿ, "ಗೆರೆ ಸರಿಯಾಗೇ ಐತೆ ಯಜಮಾನ್ರೇ" ಎಂದ.

"ಸರಿಯಾಗೈತಾ? ಇನ್ನೊಂದು ಸಲ ನೋಡ್ರೀ" ಎಂದ ಭಾವ. ತನ್ನ ಕಳ್ಳತನ ಸಿಗಲಿಲ್ಲ ಎಂದರೂ ಅವನಿಗೆ ಅನುಮಾನವೇ!

ಸರ್ವೆಯವನು ಇನ್ನೊಂದು ಸಲ ನೋಡಿ ನಕ್ಕ. "ನಡುಮಧ್ಯಕ್ಕೆ ಐತೆ, ಕೂದಲೆಳೆ ಆಚೀಚೆ ಆಗಿಲ್ಲ. ಆದ್ರೆ ಬದು ಎಲ್ರೀ? ಹಳೇ ನಕ್ಷೇಲಿ ಗಾಡಿ ಹೋಗೋವಷ್ಟು ಅಗಲ ಐತೆ, ಈಗ ಕೋಳಿ ನಡೆಯೋಕೂ ಜಾಗ ಇಲ್ವಲ್ಲ?"

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಬಾಯಿ ಬಿಟ್ಟವನು ರಾಯಪ್ಪ. "ನೀನು ಆ ಕಡೆಯಿಂದ ಕೆರೀತಿದ್ದೆ ಅಂತ ಕಾಣ್ತದೆ. ನಾನು ಈ ಕಡೆಯಿಂದ ಕೆರೀತಿದ್ದೆ ಕಣ್ಲಾ."

ಭಾವ ಬದುವಿದ್ದ ಜಾಗದಲ್ಲೇ ಕುಕ್ಕರುಗಾಲಲ್ಲಿ ಕೂತ.

"ನಾನೊಬ್ನೇ ಪಾಪಿ ಅಂದ್ಕೊಂಡಿದ್ದೆ. ಇನ್ನಾಸಪ್ಪ ಸ್ವಾಮ್ಯೋರ ಹತ್ರ ಹೇಳ್ಕೊಂಡೂ ಇದ್ದೆ. ಆಮ್ಯಾಕೆ ಅವರು ಪ್ರಸಂಗದಾಗೆ ಬದು ವಿಷ್ಯ ತಗುದ್ರಲ್ಲ, ನನಗೇ ಅಂದ್ರು ಅಂತ ಅವತ್ತು ತಲೆ ಎತ್ಲಿಲ್ಲ" ಎಂದ ರಾಯಪ್ಪ.

ನಾನು ಸುತ್ತ ನೋಡಿದೆ. ಪಕ್ಕದ ಗಂಗಹನುಮಯ್ಯನ ಬದುವೂ ಹಾಗೇ ಇತ್ತು, ಅದರಾಚೆಯದೂ ಹಾಗೇ. ಫಾದರ್ ಇನ್ನಾಸಪ್ಪ ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಡಲು ಇದೇ ಬದುಗಳ ಮೇಲೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವರು. ಇದನ್ನು ಕಾಣಲು ಯಾರ ಪಾಪನಿವೇದನೆಯೂ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಅವತ್ತು ತಲೆ ತಗ್ಗಿಸಿದವರೆಲ್ಲ ತಮ್ಮ ತಮ್ಮ ಬದುವನ್ನೇ ನೆನೆದು ತಗ್ಗಿಸಿದ್ದರು.

"ಅಂಗಾದ್ರೆ ಅಲ್ಲ ಅಂತ ಒಂದು ಮಾತು ಹೇಳ್ಬೋದಿತ್ತಲ್ಲ ಅವರು?" ಎಂದ ಭಾವ. ತಾನೂ ಹೇಳಿಕೊಂಡದ್ದನ್ನು, ಮರದ ಕೆಳಗೆ ಗುರುಗಳನ್ನು ಅಡ್ಡಗಟ್ಟಿ ಕೇಳಿದ್ದನ್ನು ಅಣ್ಣನಿಗೆ ಬಿಚ್ಚಿಟ್ಟ.

"ಹೆಂಗ್ ಹೇಳ್ತಾರ್ಲಾ? ಆ ವಿಷ್ಯಕ್ಕೆ ಬಾಯಿ ಬುಟ್ಟಿದ್ರೆ ನಿಂದಾದ್ರೂ ಆಚೆ ಬೀಳ್ತಿತ್ತು, ಇಲ್ಲ ನಂದಾದ್ರೂ ಆಚೆ ಬೀಳ್ತಿತ್ತು. ನೀನು ಬೈತಿದ್ರೂ ಬೈಸ್ಕೊಂಡ್ರು."

ಆ ವಾರವೇ ಭಾವ ನನ್ನನ್ನು ಹೊರಡಿಸಿದ. ಫಾದರ್ ಇನ್ನಾಸಪ್ಪ ಈಗ ತುಮಕೂರಿನ ಆಚೆ, ವಯಸ್ಸಾದ ಗುರುಗಳ ನಿವಾಸದಲ್ಲಿದ್ದಾರೆ. ಕ್ಷಮೆ ಕೇಳಲು ಹೋಗುತ್ತಿದ್ದಾನೆ ಎಂದು ಸಂತೋಷಪಟ್ಟೆ. ಬಸ್ಸು ಮಧುಗಿರಿ ದಾಟಿದ ಮೇಲೆ ಮೆಲ್ಲಗೆ, "ಒಂದು ಪರೀಕ್ಷೆ ಮಾಡಿ ನೋಡ್ಬುಡ್ತೀನಿ ಕಣ್ಲಾ" ಎಂದ. ನಾಯಿ ಬಾಲ ಡೊಂಕೇ. ನನಗೆ ಬಂದ ಕೋಪಕ್ಕೆ ಅಲ್ಲೇ ಇಳಿದು ವಾಪಸು ಹೋಗಬೇಕೆನಿಸಿತು.

ಫಾದರ್ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಹಿಡಿದ ಮೇಲೆ ಮಾತೋ ಮಾತು. ನಮ್ಮಕ್ಕ ಮಾಡುತ್ತಿದ್ದ ಹುರುಳಿ ಸಾರು, ನಿಡುಗಲ್ ಬೆಟ್ಟ ಹತ್ತಲು ಹೋಗಿ ಮಂಡಿ ಒಡೆದುಕೊಂಡದ್ದು, ಯಾರದೋ ಎಮ್ಮೆ ಚರ್ಚಿನೊಳಗೆ ನುಗ್ಗಿದ್ದು, ಯಾವುದನ್ನೂ ಬಿಡಲಿಲ್ಲ. ಇಷ್ಟು ಬಾಯಿ ಸಡಿಲ ಇರುವವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ ಎಂದು ನನಗೇ ಒಂದು ಗಳಿಗೆ ಅನುಮಾನ ಬಂತು. ಭಾವನ ಕಣ್ಣು ಗೇಟಿನಲ್ಲಿ ಲಾರಿ ನೋಡುವ ಹಾಗೆ ಕಿರಿದಾಗಿತ್ತು.

"ಸ್ವಾಮಿ, ನಮ್ಮಣ್ಣ ರಾಯಪ್ಪ ಬದು ವಿಷ್ಯ ನಿಮ್ಮ ಹತ್ರ ಪಾಪನಿವೇದನೆ ಮಾಡಿದ್ನಂತೆ" ಎಂದ. "ಅವನೇ ನಂಗೆ ಹೇಳವ್ನೆ, ಊರಿಗೆಲ್ಲಾ ಗೊತ್ತಾಗೈತೆ. ಈಗ ನೀವು ಹೇಳಿದ್ರೆ ಏನೂ ತೊಂದ್ರೆ ಇಲ್ಲ. ಹೌದಾ ಸ್ವಾಮಿ?"

ಫಾದರ್ ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು. ಅಷ್ಟು ಹೊತ್ತು ಹರಿಯುತ್ತಿದ್ದ ಮಾತು ಅಲ್ಲಿಗೆ ನಿಂತಿತು. ಕೈಯನ್ನು ಎತ್ತಿ ಭಾವನ ಹೆಗಲ ಮೇಲಿಟ್ಟರು.

ಭಾವ ಅಲ್ಲೇ, ಬೇವಿನೆಲೆಗಳ ಮೇಲೆ ಮಂಡಿಯೂರಿದ. ಅಳುತ್ತಿದ್ದ. "ಸ್ವಾಮಿ, ಆಶೀರ್ವಾದ ಮಾಡಿ, ನಾನು ಪಾಪಿ" ಎಂದು ಶುರುಮಾಡಿದ. ನಾನು ಎದ್ದು ಗೇಟಿನ ಹತ್ತಿರ ಹೋಗಿ ನಿಂತೆ. ದೂರದಿಂದ ನೋಡಿದಾಗ ಗುರುಗಳು ಅವನ ಬಾಯಿಯ ಹತ್ತಿರಕ್ಕೆ ಕಿವಿ ಬಾಗಿಸಿದ್ದರು. ತುಂಬ ಹೊತ್ತಾದ ಮೇಲೆ ಕೈಯೆತ್ತಿ ಶಿಲುಬೆಯ ಗುರುತು ಹಾಕಿದರು. ನನ್ನ ಕಣ್ಣೂ ಒದ್ದೆಯಾಯಿತು.

ಭಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದ. ತಡೆಯಲಾರದೆ ಕೇಳಿದೆ. "ಏನಂದ್ರು ಭಾವ?"

ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ. "ನಿಂಗ್ಯಾಕ್ಲಾ ಅದು?" ಎಂದ.

ಭಾನುವಾರ ನಾನು ಬೇಕೆಂದೇ ಭಾವನ ಊರಿನ ಪೂಜೆಗೆ ತಡವಾಗಿ ಹೋದೆ. ಹೊಂಗೆ ಮರದ ಕೆಳಗೆ ಯಾರೂ ಇರಲಿಲ್ಲ.