ಎಳೆದ ಬಿಲ್ಲನ್ನು ಇಳಿಸುವುದು

2004ರ ನವೆಂಬರ್, ಎರಡನೆಯ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಬ್ರಿಟನ್ನಿನ ಅಕ್ಸ್‌ಬ್ರಿಡ್ಜ್‌ನ ಆಚೆ ಬಿಲ್ಲುಗಾರರ ಕ್ಲಬ್ಬೊಂದು ಬಾಡಿಗೆಗೆ ಹಿಡಿದಿದ್ದ ಕಾಡಿನಲ್ಲಿ ಮೂವರಿದ್ದೆವು: ನಾನು, ನನ್ನ ಗೆಳೆಯರೊಬ್ಬರು, ನನಗೆ ಬಿಲ್ಲು ಕಲಿಸುತ್ತಿದ್ದ, ಅಲ್ಲಿಯವರೇ ಆದ ಮೇಷ್ಟ್ರು. ಆ ದಿನ ನನ್ನ ಪರೀಕ್ಷೆ. ಪಾಸಾದರೆ ಜನವರಿಯಲ್ಲಿ ಮೇಷ್ಟ್ರು ನಮ್ಮಿಬ್ಬರನ್ನೂ ಫ್ರಾನ್ಸಿಗೆ ಹಂದಿ ಬೇಟೆಗೆ ಕರೆದೊಯ್ಯುವವರಿದ್ದರು. ಫೇಲಾದರೆ ಇಲ್ಲ. ಬ್ರಿಟನ್ನಿನಲ್ಲಿ ಬಿಲ್ಲಿನಿಂದ ಪ್ರಾಣಿ ಹೊಡೆಯುವುದು ಅಪರಾಧ, ಫ್ರಾನ್ಸಿನಲ್ಲಿ ಅನುಮತಿ ಇದೆ. ಹಾಗಾಗಿ ಇಲ್ಲಿ ಕಲಿಯುವವರು ಕಾಡಿನಲ್ಲಿ ನಿಲ್ಲಿಸಿದ ಫೋಮಿನ ಜಿಂಕೆ, ಹಂದಿಗಳಿಗೆ ಹೊಡೆದು ಕಲಿಯಬೇಕು.

ಗೆಳೆಯರು ಗದಗ ಕಡೆಯವರು. ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ನನ್ನ ಪಾಳಿಯಲ್ಲಿ ಕೆಲಸ ಮಾಡಿದವರು. ನಾನು ಸೂಪರ್‌ವೈಸರ್ ಆಗಿದ್ದರಿಂದ, ಇಬ್ಬರೂ ನಿವೃತ್ತರಾದ ಮೇಲೂ ನನ್ನನ್ನು ಸರ ಎಂದೇ ಕರೆಯುತ್ತಿದ್ದರು. ಅಜ್ಜನ ಕಾಲದವರೆಗೆ ಅವರ ಮನೆಯವರು ಬಿಲ್ಲು ಹಿಡಿದು ಬೇಟೆಯಾಡಿದವರು. ತಂದೆ ಬಸ್ ಕಂಡಕ್ಟರ್ ಆದರು, ಬಿಲ್ಲು ಜಂತಿಗೆ ಏರಿತು. ಮಹಾನವಮಿಯಲ್ಲಿ ಅದನ್ನು ಇಳಿಸಿ, ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿ, ಮತ್ತೆ ಮೇಲೆ ಇಡುತ್ತಿದ್ದರಂತೆ. ಅದಕ್ಕೆ ಹೆದೆ ಏರಿಸಿದ್ದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಹಿಂದಿನ ವರ್ಷ ಅವರ ಕಣ್ಣಿನ ನಡುಭಾಗ ಹೋಗತೊಡಗಿತ್ತು. ನೆಟ್ಟು ನೋಡಿದ ಜಾಗವೇ ಮಸುಕು, ಸುತ್ತಲಿನದು ಮಾತ್ರ ಕಾಣುತ್ತಿತ್ತು. ಒಂದು ಕಣ್ಣು ಆಗಲೇ ಮುಗಿದಿದೆ, ಇನ್ನೊಂದಕ್ಕೂ ಹೆಚ್ಚು ಕಾಲವಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆ ವಾರವೇ ನನ್ನ ಮನೆಗೆ ಬಂದು ಕುಳಿತರು.

“ಬಿಲ್ಲಿನ ಬ್ಯಾಟಿ ಬಗ್ಗೆ ನಮ್ಮಜ್ಜ ಹೇಳಿದ್ದು ಬರೇ ಕೇಳೀನ್ರಿ ಸರ. ಒಮ್ಮೆ ಕಣ್ಣಾರೆ ನೋಡಬೇಕು. ನನಗಂತೂ ಹೊಡಿಯಾಕ ಆಗಂಗಿಲ್ಲ. ನೀವು ಹೊಡೀರಿ, ನಾ ಬಾಜೂಕ ನಿಂದರ್ತೀನಿ.”

ನಾನು ಜೀವಮಾನದಲ್ಲಿ ಬಿಲ್ಲು ಮುಟ್ಟಿದವನಲ್ಲ ಎಂದೆ. ನಿಮ್ಮ ಕೈ ನಡುಗುವುದಿಲ್ಲ, ನಿಮಗೆ ಶಿಸ್ತಿದೆ, ಅಲ್ಲದೆ ಮನೆಯಲ್ಲಿ ಕುಳಿತು ಗಡಿಯಾರ ಕಾಯುವುದು ಬಿಟ್ಟರೆ ನಿಮಗೇನು ಕೆಲಸ ಎಂದು ಅವರು ಕೇಳಿದರು. ಒಪ್ಪಿಕೊಂಡೆ.

ಮೇಷ್ಟ್ರು ಮೊದಲು ಮರ ಕಡಿಯುವ ಕೆಲಸದಲ್ಲಿದ್ದವರು, ಮಾತು ಕಡಿಮೆ. ಗುರಿ ಹಿಡಿಯಲು ಯಾವ ಸಲಕರಣೆಯೂ ಇಲ್ಲದ ಮರದ ಬಿಲ್ಲನ್ನು ನನ್ನ ಕೈಗಿತ್ತು ಅವರು ಕಲಿಸಿದ್ದು ಇಷ್ಟು: ಹೆದೆಯನ್ನು ಬಾಯಿಯ ಮೂಲೆಯವರೆಗೆ ಎಳೆ, ಪ್ರಾಣಿಯ ಮೈಮೇಲೆ ಒಂದೇ ಒಂದು ಕೂದಲನ್ನು ನೋಡು, ಮನಸ್ಸು ಒಪ್ಪಿದಾಗ ಬೆರಳು ಸಡಿಲಿಸು. ಮನಸ್ಸು ಒಪ್ಪಿತೆಂದು ತಿಳಿಯುವುದು ಹೇಗೆ ಎಂದು ಕೇಳಿದೆ. ಒಪ್ಪಿದಾಗ ತಿಳಿಯುತ್ತದೆ ಎಂದರು. ಇಂಥ ಉತ್ತರ ನನಗೆ ಒಗ್ಗುವುದಿಲ್ಲ. ಮೊದಲ ಎರಡು ತಿಂಗಳು ಹೆದೆ ಬಡಿದು ಮುಂಗೈ ನೀಲಿಗಟ್ಟಿತು. ಬಾಣಗಳು ತರಗೆಲೆಯ ಅಡಿಗೆ ಹೋಗಿ ಮಾಯವಾಗುತ್ತಿದ್ದವು. ನಾನು ಮೊಣಕಾಲೂರಿ ಹುಡುಕುತ್ತಿದ್ದರೆ ಗೆಳೆಯರು ಶೂ ಬಿಚ್ಚಿ ಕಾಲಿನಿಂದ ಎಲೆ ಸವರುತ್ತಾ ನನಗಿಂತ ಬೇಗ ಪತ್ತೆ ಮಾಡುತ್ತಿದ್ದರು. ಕಣ್ಣಿದ್ದವರು ಹೊಡೆದದ್ದನ್ನು ಕುರುಡ ಹುಡುಕಬೇಕಾಯಿತಲ್ಲ ಎಂದು ಛೇಡಿಸುತ್ತಿದ್ದರು.

ಮೂರನೆಯ ತಿಂಗಳು ನಾನೇ ಒಂದು ಕ್ರಮ ಮಾಡಿಕೊಂಡೆ. ಒಂದು ಎನ್ನುವಾಗ ಹೆದೆ ಬಾಯಿಯ ಮೂಲೆಗೆ, ಎರಡಕ್ಕೆ ನೋಟ, ಮೂರಕ್ಕೆ ಬಿಡುವುದು. ಕರಾವಳಿಯಲ್ಲಿ ಪಾದ್ರಿಗಳ ಬೋರ್ಡಿಂಗಿನಲ್ಲಿ ಹತ್ತು ವರ್ಷ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ಬಾಯಿ ಮುಚ್ಚಿದವನು ನಾನು. ಎಣಿಕೆ ಕೊಟ್ಟರೆ ನನ್ನ ಕೈಕಾಲು ತಾವಾಗಿ ನಡೆಯುತ್ತವೆ. ದಿನಾ ಬೆಳಿಗ್ಗೆ ಏಳೂ ಹತ್ತಕ್ಕೆ ಗ್ಯಾರೇಜಿನಲ್ಲಿ ಹುಲ್ಲಿನ ಪಿಂಡಿಗೆ ಇಪ್ಪತ್ತು ಬಾಣ ಹೊಡೆದು, ಬಿದ್ದ ಜಾಗವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ. ಬೇಸಿಗೆಯ ಹೊತ್ತಿಗೆ ಬಾಣಗಳು ಅಂಗೈಯಗಲದಲ್ಲಿ ಬೀಳತೊಡಗಿದವು.

ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. ಬಾಣವನ್ನು ನೀನು ಬಿಡುತ್ತಿಲ್ಲ, ನಿನ್ನ ಎಣಿಕೆ ಬಿಡುತ್ತಿದೆ ಎಂದರು. ಹತ್ತು ಸಲಕ್ಕೊಮ್ಮೆಯಾದರೂ ಪೂರ್ತಿ ಎಳೆದು, ಬಾಣ ಬಿಡದೆ ನಿಧಾನವಾಗಿ ಬಿಲ್ಲು ಇಳಿಸು ಎಂದು ಹೇಳಿದರು. ಎರಡು ದಿನ ಮಾಡಿ ನೋಡಿದೆ. ಬಿಡದ ಬಾಣವನ್ನು ನೋಟ್‌ಬುಕ್ಕಿನ ಯಾವ ಸಾಲಿನಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ. ಆ ಅಭ್ಯಾಸವನ್ನು ಕೈಬಿಟ್ಟೆ. ಮೇಷ್ಟ್ರು ಕೇಳಿದಾಗ ಮಾಡುತ್ತಿದ್ದೇನೆ ಎಂದೆ.

ಪರೀಕ್ಷೆಗೆ ಐದು ಜಾಗ, ಐದು ಬಾಣ. ಮನಸ್ಸು ಒಪ್ಪದಿದ್ದರೆ ಬಿಲ್ಲು ಇಳಿಸಬಹುದು, ಅದನ್ನು ತಪ್ಪೆಂದು ಲೆಕ್ಕ ಹಾಕುವುದಿಲ್ಲ ಎಂದು ಮೇಷ್ಟ್ರು ಎರಡು ಸಲ ಹೇಳಿದರು. ಮೊದಲ ಮೂರು ಬಾಣ ಸರಿಯಾಗಿ ಬಿದ್ದವು. ಪ್ರತಿ ಸಲವೂ ಗೆಳೆಯರು ಮುಂದೆ ಹೋಗಿ ಬಾಣ ನೆಟ್ಟ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ತಲೆಯಾಡಿಸುತ್ತಾ ವಾಪಸು ಬಂದರು. ಮೂರನೆಯದಾದ ಮೇಲೆ, ಫ್ರಾನ್ಸಿನಲ್ಲಿ ಚಳಿ ಹೇಗಿರುತ್ತದೆ, ಉಣ್ಣೆಯ ಎರಡು ಬನಿಯನ್ ಸಾಕೇ ಎಂದು ಮೇಷ್ಟ್ರನ್ನು ಕೇಳಿದರು.

ನಾಲ್ಕನೆಯದು ಇಳಿಜಾರಿನಲ್ಲಿ ನಿಲ್ಲಿಸಿದ ಹಂದಿ, ಅದರ ಹಿಂದೆ ಒಣಗಿದ ಜರಿಗಿಡಗಳ ಪೊದೆ. ನಾನು ಬಿಲ್ಲು ಎತ್ತಿದೆ. ಒಂದು. ಎರಡು.

“ನಿಲ್ರಿ ಸರ.”

ಗೆಳೆಯರು ನನ್ನ ಎಡಗಡೆಯಲ್ಲೇ ನಿಂತಿದ್ದರು. ದನಿ ಮೆಲ್ಲಗಿತ್ತು, ಸ್ಪಷ್ಟವಾಗಿತ್ತು. ನನಗೆ ಕೇಳಿಸಿತು. ಅರ್ಥವೂ ಆಯಿತು. ಮೂರು. ಬಾಣ ಹೋಯಿತು.

ಹಂದಿಯ ಹಿಂದಿನ ಪೊದೆಯಿಂದ ಕಂದು ಬಣ್ಣದ ನಾಯಿಯೊಂದು ಹೊರಬಂತು. ಪೊದೆ ಅಲುಗಿದ್ದು ಗೆಳೆಯರ ಕಣ್ಣಂಚಿಗೆ ಮೊದಲೇ ಕಂಡಿತ್ತು. ಯಾರದೋ ಸಾಕಿದ ನಾಯಿ, ಹಗ್ಗದ ಬೇಲಿಯ ಕೆಳಗೆ ನುಸುಳಿ ಬಂದಿತ್ತು. ಹಂದಿಯ ಕಾಲು ಮೂಸಿ ನೋಡಿತು. ದೂರದಲ್ಲಿ ಯಾರೋ ಸಿಳ್ಳೆ ಹಾಕಿದರು, ಅದು ಬಂದ ದಾರಿಯಲ್ಲೇ ಓಡಿಹೋಯಿತು. ಬಾಣ ಹಂದಿಯ ಮುಂಗಾಲಿನ ಹಿಂದೆ, ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿತ್ತು. ಆ ದಿನದ ಅತ್ಯುತ್ತಮ ಹೊಡೆತ.

ಮೇಷ್ಟ್ರು ಹೋಗಿ ಬಾಣ ಕಿತ್ತು ತಂದು ನನ್ನ ಕೈಗೆ ಕೊಟ್ಟರು. ಅವರು ಹೇಳಿದ್ದು ನಿನಗೆ ಕೇಳಿಸಿತೇ ಎಂದರು. ಕೇಳಿಸಿತು ಎಂದೆ. ಮತ್ತೆ ಏನಾಯಿತು ಎಂದರು. ಅಷ್ಟು ಹೊತ್ತಿಗೆ ಎರಡು ಎಂದಾಗಿತ್ತು ಎಂದೆ. ಅವರು ಸಿಟ್ಟಾಗಲಿಲ್ಲ. ಐದನೆಯ ಬಾಣ ಬೇಡ, ಜನವರಿಯಲ್ಲಿ ಪೊದೆಯ ಹಿಂದೆ ಹಂದಿ ಎಬ್ಬಿಸುವ ಮನುಷ್ಯರಿರುತ್ತಾರೆ, ನಿನ್ನನ್ನು ಕರೆದೊಯ್ಯಲಾರೆ ಎಂದರು. ಬಿಲ್ಲು ಇಳಿಸುವುದನ್ನು ಕಲಿತುಕೊಂಡು ಮುಂದಿನ ವರ್ಷ ಬಾ ಎಂದೂ ಸೇರಿಸಿದರು.

“ಹಂದಿ ಅಂತೂ ಸತ್ತಂಗ ಬಿಡ್ರಿ,” ಎಂದರು ಗೆಳೆಯರು ಕನ್ನಡದಲ್ಲಿ. ಅವರೂ ನಗಲಿಲ್ಲ.

ಕಾರಿನಲ್ಲಿ ಕುಳಿತ ಮೇಲೆ, ಮೇಷ್ಟ್ರ ಜೊತೆ ಹೋಗುವ ಬೇರೆಯವರನ್ನು ಕೇಳಿಕೊಳ್ಳೋಣ, ನೀವಾದರೂ ಹೋಗಿ ಬನ್ನಿ ಎಂದೆ. ಗುರುತಿಲ್ಲದವರ ಪಕ್ಕದಲ್ಲಿ ನಿಂತು ಏನು ನೋಡಲಿ ಎಂದರು. ಆಮೇಲೆ ಕೇಳಿದರು:

“ನಾ ನಿಲ್ರಿ ಅಂದಿದ್ದು ಖರೇನ ಕೇಳಿಸಿತ್ರಿ?”

“ಕೇಳಿಸಿತು ಮಾರಾಯ್ರೆ. ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ.”

ಹೇಯ್ಸ್‌ನಲ್ಲಿ ಅವರ ಫ್ಲ್ಯಾಟಿನ ಮುಂದೆ ಕಾರು ನಿಲ್ಲಿಸಿದೆ. ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು ಹೇಳಿದರು:

“ಕಾರ್ಖಾನ್ಯಾಗೂ ಹಂಗ ಇತ್ರಿ ಸರ. ಬೆಲ್ಟ್ ನಿಲ್ಲಿಸ್ರಿ, ಯಾರಿಗೋ ಕೈ ಸುಟ್ಟೈತಿ ಅಂದ್ರ, ಈ ಸಾಲು ಮುಗೀಲಿ ಅಂತಿದ್ರಿ.”

ಬೈಗುಳದ ದನಿಯಲ್ಲ ಅದು. ನಡೆದದ್ದನ್ನು ನಡೆದ ಹಾಗೆ ಹೇಳಿದರು, ಅಷ್ಟೆ. ಗೋಡೆ ಸವರುತ್ತಾ ಲಿಫ್ಟಿನ ಕಡೆ ಹೋದರು. ನಾಚಿಕೆಗೆ ನಾನು ಕಾರಿನಿಂದ ಇಳಿದು ಅವರ ಕೈ ಹಿಡಿಯಲೂ ಹೋಗಲಿಲ್ಲ.

ಮುಂದಿನ ಜೂನ್ ಹೊತ್ತಿಗೆ ಅವರ ಎರಡನೆಯ ಕಣ್ಣೂ ಹೋಯಿತು. ಈಗ ಇಷ್ಟು ವರ್ಷಗಳಾದರೂ, ಅಂದು ನನ್ನ ಬೆರಳುಗಳನ್ನು ಹಿಡಿದು ನಿಲ್ಲಿಸಬಹುದಾಗಿದ್ದ ಯಾವುದೊಂದೂ ನನ್ನೊಳಗೆ ಸಿಕ್ಕಿಲ್ಲ. ಹುಡುಕದೆ ಬಿಟ್ಟಿಲ್ಲ.

ಆ ಶನಿವಾರ ಮನೆ ತಲುಪಿದಾಗ ಒಂದು ಗಂಟೆ. ಊಟ ಮಾಡಲಿಲ್ಲ. ಫ್ರಾನ್ಸಿಗೆಂದು ಎಂಟು ಬಾಣಗಳಿಗೆ ಬೇಟೆಯ ಅಲಗು ಕೂರಿಸಿ ಇಟ್ಟಿದ್ದೆ. ಅವನ್ನು ಹಿಡಿದಿದ್ದದ್ದು ಬಿಸಿಗೆ ಕರಗುವ ಅಂಟು. ಅಡಿಗೆಮನೆಯ ಗ್ಯಾಸ್ ಹಚ್ಚಿ, ಒಂದೊಂದೇ ಅಲಗನ್ನು ಉರಿಗೆ ಹಿಡಿದು, ಇಕ್ಕಳದಿಂದ ತಿರುಗಿಸಿ ಕಳಚಿದೆ. ಆರನೆಯದರಲ್ಲಿ ಬಾಣದ ತುದಿ ಸುಟ್ಟು ಕಪ್ಪಾಯಿತು. ಎಂಟೂ ಅಲಗುಗಳನ್ನು ಆರಲು ಬಿಟ್ಟು, ಹಳೆಯ ಟವೆಲ್ಲಿನಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ಮುಚ್ಚಳದ ಸುತ್ತ ಟೇಪು ಅಂಟಿಸಿದೆ. ಮುಗಿದಾಗ ಮೂರೂವರೆ.